ಘಾಟಿಯಲ್ಲಿ ಗಾಡಿ ಕೆಟ್ಟರೆ ಯಾರು ಬರುತ್ತಾರೆ?

ಶುಕ್ರವಾರ ರಾತ್ರಿ ಊಟದ ಹೊತ್ತು ಕಳೆದ ಮೇಲೆ ನಾಗರಬಾವಿಯ ಯಾವ ಕ್ರಾಸಿಗೆ ಹೋದರೂ ಒಂದಲ್ಲ ಒಂದು ಮನೆಯ ಮುಂದೆ ಟಿಟಿಯೋ (ಟೆಂಪೋ ಟ್ರಾವೆಲರ್) ಈಕೋವೋ ಇನ್ನೋವಾವೋ ಹೊರಟು ನಿಂತಿರುತ್ತದೆ. ಕುಕ್ಕೆಗೆ, ಧರ್ಮಸ್ಥಳಕ್ಕೆ, ಹೊರನಾಡಿಗೆ, ಕೊಡಗಿನ ತೋಟದ ಮನೆಗೆ. ಸುಮನಹಳ್ಳಿ, ಗೊರಗುಂಟೆಪಾಳ್ಯ ದಾಟಿ ನೆಲಮಂಗಲ ಸೇರಿದರೆ ಬೆಳಗಿನ ಜಾವಕ್ಕೆ ಶಿರಾಡಿ. ಗಾಡಿ ತುಂಬ ಜನ, ಮೇಲೆ ಲಗೇಜು, ಇಳಿಜಾರು, ಮಳೆ. ಕ್ಲಚ್ ಪ್ಲೇಟ್ ಸುಡುವುದು, ಎಂಜಿನ್ ಕಾದು ನಿಲ್ಲುವುದು, ಬ್ರೇಕ್ ಹಿಡಿಯದಂತಾಗುವುದು ಇಂಥ ಕಡೆಯೇ ಹೆಚ್ಚು. ಏಕೆಂದರೆ ಪೂರ್ತಿ ಭಾರ ಹೊತ್ತ ವಾಹನದ ದೌರ್ಬಲ್ಯ ಸಮತಟ್ಟು ರಸ್ತೆಯಲ್ಲಿ ಹೊರಗೆ ಬರುವುದಿಲ್ಲ.

ಆಗ ನೆನಪಾಗುವುದು ರೋಡ್‌ಸೈಡ್ ಅಸಿಸ್ಟೆನ್ಸ್ (ಆರ್‌ಎಸ್‌ಎ). ಇನ್ಶೂರೆನ್ಸ್ ಜೊತೆಗೋ ಆ್ಯಪ್ ಮೂಲಕವೋ ಎಂದೋ ಕೊಂಡದ್ದು. ಫೋನ್ ಮಾಡಿದರೆ ದೂರು ದಾಖಲಾಯಿತು ಎಂಬ ಮೆಸೇಜ್ ಬರುತ್ತದೆ. ಎರಡು ಮೂರು ಗಂಟೆ ಕಳೆದು ಬಂದ ಟೋಯಿಂಗ್ ವಾಹನದ ಚಾಲಕ ಟಿಟಿಯನ್ನು ಒಂದು ಸುತ್ತು ನೋಡಿ, "ಸಾರ್, ಇದು ನಮ್ ಗಾಡಿ ಮೇಲೆ ಹತ್ತಲ್ಲ, ಕಾರ್ ಅಂತ ಹೇಳಿದ್ರು" ಅನ್ನುತ್ತಾನೆ. ಇಂಥ ಮಾತು ಕೇಳಿ ಬಂದ ಕುಟುಂಬಗಳು ನಮ್ಮ ಬಡಾವಣೆಯಲ್ಲಿ ಕಡಿಮೆ ಇಲ್ಲ. ಅವರಲ್ಲಿ ಹೆಚ್ಚಿನವರು ಯೋಜನೆಗೆ ದುಡ್ಡು ಕಟ್ಟಿದ್ದವರೇ. ಕಟ್ಟಿದ್ದು ತಮ್ಮ ಗಾಡಿಗೆ, ತಮ್ಮ ದಾರಿಗೆ ಹೊಂದುವ ಯೋಜನೆಗಲ್ಲ, ಅಷ್ಟೆ. ವರ್ಷಕ್ಕೆ ಎಷ್ಟು ರೂಪಾಯಿ ಎಂದು ಕೇಳುವ ಮೊದಲು ಕೇಳಬೇಕಾದ ಮಾತುಗಳು ಬೇರೆಯೇ ಇವೆ.

ಯೋಜನೆ ಕೆಲಸ ಮಾಡುವ ಬಗೆ

ಅಮೆರಿಕದಲ್ಲಿ 1902ರಲ್ಲಿ, ಲಂಡನ್ನಿನಲ್ಲಿ 1905ರಲ್ಲಿ ಶುರುವಾದ ವಾಹನ ಮಾಲೀಕರ ಸಂಘಗಳಿಂದ ಈ ಪದ್ಧತಿ ಬೆಳೆಯಿತು. ಸದಸ್ಯರ ಗಾಡಿ ಕೆಟ್ಟರೆ ಸಂಘದವರೇ ಬರುತ್ತಿದ್ದರು. ನಮ್ಮಲ್ಲಿ ವ್ಯವಸ್ಥೆ ಬೇರೆ. ನೀವು ಹಣ ಕಟ್ಟುವ ಕಂಪನಿಯ ಬಳಿ ಸಾಮಾನ್ಯವಾಗಿ ಸ್ವಂತ ಕ್ರೇನೂ ಇರುವುದಿಲ್ಲ, ಮೆಕ್ಯಾನಿಕ್ಕೂ ಇರುವುದಿಲ್ಲ. ಇರುವುದು ಕಾಲ್ ಸೆಂಟರ್ ಮತ್ತು ಊರೂರಿನ ಟೋಯಿಂಗ್‌ನವರ ಜೊತೆ ಒಪ್ಪಂದ. ನಿಮ್ಮ ಕರೆ ಬಂದ ಮೇಲೆ ಅವರು ಸಕಲೇಶಪುರದಲ್ಲೋ ಹಾಸನದಲ್ಲೋ ಯಾರಿದ್ದಾರೆ ಎಂದು ಹುಡುಕುತ್ತಾರೆ. ಅವನು ಒಪ್ಪಿದರೆ ಗಾಡಿ ಹೊರಡುತ್ತದೆ.

ಆದ್ದರಿಂದ ಬೆಂಗಳೂರಿನಲ್ಲಿ ಅರ್ಧ ಗಂಟೆಗೆ ಬರುವ ಕಂಪನಿ ಕೊಟ್ಟಿಗೆಹಾರದಲ್ಲಿ ನಾಲ್ಕು ಗಂಟೆಗೂ ಬಾರದಿರಬಹುದು. ನಾಗರಬಾವಿ ಸರ್ಕಲ್‌ನಲ್ಲಿ ಪಂಕ್ಚರ್ ಆದಾಗ ಚೆನ್ನಾಗಿ ಸೇವೆ ಕೊಟ್ಟರು ಎಂಬ ಸ್ನೇಹಿತರ ಮಾತು ಘಾಟಿಗೆ ಹೊರಟ ನಿಮಗೆ ಉಪಯೋಗಕ್ಕೆ ಬರುವುದಿಲ್ಲ. ಗಾಡಿ ನಿಲ್ಲಬಹುದಾದ ಜಾಗವನ್ನು ಮನಸ್ಸಿನಲ್ಲಿಟ್ಟು ಯೋಜನೆ ಆರಿಸಬೇಕು.

ಮೊದಲು ಕೈಯಲ್ಲಿರುವುದನ್ನು ನೋಡಿ

ಎಷ್ಟೋ ಜನ ಒಂದೇ ಸೇವೆಗೆ ಎರಡೆರಡು ಕಡೆ ಹಣ ಕಟ್ಟಿರುತ್ತಾರೆ. ಹೊಸ ವಾಹನವಾದರೆ ತಯಾರಕರು ವಾರಂಟಿ ಜೊತೆಗೆ ಆರ್‌ಎಸ್‌ಎ ಕೊಟ್ಟಿರಬಹುದು. ಡೀಲರ್ ಬಳಿ ಆರ್‌ಸಿ ತೋರಿಸಿ ಅದರ ಕೊನೆಯ ದಿನಾಂಕ ಕೇಳಿ. ಆಮೇಲೆ ಇನ್ಶೂರೆನ್ಸ್ ಪಾಲಿಸಿ ತೆಗೆದು ಆಡ್-ಆನ್ ಪಟ್ಟಿಯಲ್ಲಿ ಈ ಸೇವೆ ಇದೆಯೇ ನೋಡಿ. ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದವರಿಗೆ ಸಾಮಾನ್ಯವಾಗಿ ಈ ಆಡ್-ಆನ್ ಸಿಗುವುದಿಲ್ಲ. ಅಂಥವರು ಪ್ರತ್ಯೇಕ ಸದಸ್ಯತ್ವ ಯೋಜನೆಯನ್ನೇ ನೋಡಬೇಕು.

ಪೂರ್ತಿ ಇನ್ಶೂರೆನ್ಸ್ ಇದೆ, ಎಲ್ಲ ಅದರಲ್ಲೇ ಬರುತ್ತದೆ ಎಂದು ನಂಬಿದವರು ಎರಡು ವಿಷಯ ತಿಳಿದಿರಬೇಕು. ಅಪಘಾತವಾದರೆ ಹತ್ತಿರದ ಗ್ಯಾರೇಜಿಗೆ ಎಳೆದೊಯ್ಯುವ ಖರ್ಚಿಗೆ ಖಾಸಗಿ ಕಾರಿನ ಸಾಮಾನ್ಯ ಪಾಲಿಸಿಯಲ್ಲಿ ಹಿಂದಿನಿಂದಲೂ ಇರುವ ಮಿತಿ 1,500 ರೂಪಾಯಿ. ಘಾಟಿಯಿಂದ ಟೋ ಮಾಡಿಸಲು ಅದು ಏನೇನೂ ಸಾಲದು. ಇನ್ನೊಂದು ಇನ್ನೂ ಮುಖ್ಯ: ಅಪಘಾತವಿಲ್ಲದೆ ಗಾಡಿ ತಾನಾಗಿ ಕೆಟ್ಟರೆ, ಅಂದರೆ ಯಾಂತ್ರಿಕ ಅಥವಾ ವಿದ್ಯುತ್ ದೋಷವಾದರೆ, ಆ ಪಾಲಿಸಿ ಏನನ್ನೂ ಕೊಡುವುದಿಲ್ಲ. ಆರ್‌ಎಸ್‌ಎ ಬೇಕಾಗುವುದು ಈ ಖಾಲಿ ಜಾಗ ತುಂಬಲಿಕ್ಕೆ.

ಇನ್ನು 1033. ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಈ ಸಹಾಯವಾಣಿಗೆ ಕರೆ ಮಾಡಿದರೆ ಟೋಲ್ ಇರುವ ಹೆದ್ದಾರಿಗಳಲ್ಲಿ ಗಸ್ತು ವಾಹನ, ಕ್ರೇನ್, ಆಂಬುಲೆನ್ಸ್ ನೆರವು ಸಿಗುತ್ತದೆ. ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ, ನೆಲಮಂಗಲ–ಹಾಸನ ನಡುವೆ ನಿಂತರೆ ಮೊದಲ ಕರೆ ಇದಕ್ಕೇ ಹೋಗಲಿ. ಆದರೆ ಆ ಕ್ರೇನ್ ಬರುವುದು ಹೆದ್ದಾರಿ ತೆರವು ಮಾಡಲು. ಗಾಡಿಯನ್ನು ಪಕ್ಕದ ಸುರಕ್ಷಿತ ಜಾಗಕ್ಕೆ ಸೇರಿಸುವುದು ಅದರ ಕೆಲಸ, ನಿಮಗೆ ಬೇಕಾದ ವರ್ಕ್‌ಶಾಪಿಗೆ ಒಯ್ಯುವುದಲ್ಲ. ಮಾಗಡಿ–ಕುಣಿಗಲ್ ರಸ್ತೆ, ಸಕಲೇಶಪುರ–ಮೂಡಿಗೆರೆ ರಸ್ತೆಯಂಥ ಕಡೆ ಇದನ್ನು ನೆಚ್ಚಿಕೊಳ್ಳುವಂತೆಯೂ ಇಲ್ಲ.

ಕೊಳ್ಳುವ ಮುನ್ನ ಕೇಳಬೇಕಾದ್ದು

1. ಬೋರ್ಡ್ ಮತ್ತು ಆರ್‌ಸಿ. ವೈಟ್ ಬೋರ್ಡ್, ಯೆಲ್ಲೋ ಬೋರ್ಡ್, ಸೆಲ್ಫ್ ಡ್ರೈವ್ ಬಾಡಿಗೆಯ ಕಪ್ಪು ಬೋರ್ಡ್, ಈ ಮೂರಕ್ಕೂ ನಿಯಮ ಬೇರೆ. ಅಗ್ಗದ ಯೋಜನೆಗಳಲ್ಲಿ ಹೆಚ್ಚಿನವು ಖಾಸಗಿ ಕಾರಿಗೆ ಮಾತ್ರ. ಬಾಡಿಗೆ ಗಾಡಿಯಾದರೆ ಮಾಲೀಕನ ಯೋಜನೆ ಏನು, ಕೆಟ್ಟಾಗ ಕರೆ ಮಾಡಬೇಕಾದವರು ನೀವೋ ಅವನೋ ಎಂಬುದನ್ನು ಹೊರಡುವ ಮುನ್ನ ಬರಹದಲ್ಲಿ ಪಡೆಯಿರಿ. ಈಗ ಕೆಲವರು ಈಕೋ, ಟಿಟಿಗಳಲ್ಲಿ ಸೀಟು ಕಿತ್ತು ಹಾಸಿಗೆ, ಸಿಂಕು, ಒಲೆ ಕೂರಿಸಿ ಕ್ಯಾಂಪರ್ ಮಾಡಿಸಿಕೊಳ್ಳುತ್ತಿದ್ದಾರೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇಂಥ ಬದಲಾವಣೆಗೆ ಕಡಿವಾಣ ಹಾಕುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಎಂದು ಹೇಳಿದೆ. ಆರ್‌ಟಿಓದಲ್ಲಿ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ದಾಖಲಾಗದ ಬದಲಾವಣೆ ಇದ್ದರೆ ವಿಮೆಯವರೂ ಆರ್‌ಎಸ್‌ಎಯವರೂ ಕೈಯೆತ್ತಲು ಅದೊಂದೇ ನೆಪ ಸಾಕು.

2. ತೂಕ, ಉದ್ದ, ಎತ್ತರ. ಆರ್‌ಸಿಯಲ್ಲಿರುವ ಒಟ್ಟು ಭಾರವನ್ನು ಓದಿ ಹೇಳಿ, ಯೋಜನೆಯ ಮಿತಿಯೊಳಗೆ ಬರುತ್ತದೆಯೇ ಕೇಳಿ. ಮೇಲೆ ಎಸಿ, ಕ್ಯಾರಿಯರ್ ಇದ್ದರೆ ಅದನ್ನೂ ಹೇಳಿ. ಗಾಡಿಯನ್ನು ಪೂರ್ತಿ ಹೊತ್ತೊಯ್ಯುವ ಫ್ಲ್ಯಾಟ್‌ಬೆಡ್ ಲಾರಿಯ ಮೇಲೆ ಟಿಟಿ ಏರಿದ ಮೇಲೆ ರೈಲ್ವೆ ಅಂಡರ್‌ಪಾಸ್ ದಾಟುತ್ತದೆಯೇ ಎಂಬ ಪ್ರಶ್ನೆ ಬರುವುದು ಇಲ್ಲಿಂದ.

ಎಳೆಯುವ ಬಗೆಯೂ ಮುಖ್ಯ. ಟಿಟಿ, ಓಮ್ನಿ, ಈಕೋ, ಇನ್ನೋವಾ ಕ್ರಿಸ್ಟಾ ಇವೆಲ್ಲ ಹಿಂದಿನ ಚಕ್ರ ತಿರುಗಿಸಿ ಓಡುವ ಗಾಡಿಗಳು. ಮುಂಭಾಗ ಎತ್ತಿ ಹಿಂದಿನ ಚಕ್ರ ನೆಲದ ಮೇಲೆ ಉರುಳಲು ಬಿಟ್ಟರೆ ಪ್ರೊಪೆಲ್ಲರ್ ಶಾಫ್ಟ್ ಗೇರ್‌ಬಾಕ್ಸಿನ ಭಾಗಗಳನ್ನು ತಿರುಗಿಸುತ್ತಲೇ ಇರುತ್ತದೆ. ಎಂಜಿನ್ ನಿಂತಿರುವುದರಿಂದ ಒಳಗೆ ಆಯಿಲ್ ಸರಿಯಾಗಿ ಹರಿಯುವುದಿಲ್ಲ. ಕ್ಲಚ್ಚಿನ ಖರ್ಚಿಗೆ ಗೇರ್‌ಬಾಕ್ಸಿನ ಖರ್ಚೂ ಸೇರುತ್ತದೆ. ಆದ್ದರಿಂದ ಫ್ಲ್ಯಾಟ್‌ಬೆಡ್ ಕೊಡುತ್ತೀರಾ ಎಂದು ಸ್ಪಷ್ಟವಾಗಿ ಕೇಳಿ. ಇಲ್ಲದಿದ್ದರೆ ಹಿಂಭಾಗ ಎತ್ತಬೇಕು, ಅಥವಾ ಶಾಫ್ಟ್ ಬಿಚ್ಚಿ ಎಳೆಯಬೇಕು. ಆಟೊಮ್ಯಾಟಿಕ್ ಗಾಡಿ, ನಾಲ್ಕು ಚಕ್ರವೂ ಎಳೆಯುವ ಗಾಡಿ ಇದ್ದವರು ಫ್ಲ್ಯಾಟ್‌ಬೆಡ್ ಬಿಟ್ಟು ಬೇರೇನೂ ಒಪ್ಪಬೇಡಿ.

3. ಕಿಲೋಮೀಟರ್ ಎಲ್ಲಿಂದ ಎಲ್ಲಿಗೆ? ಜನ ಹೆಚ್ಚು ಮೋಸ ಹೋಗುವುದು ಇಲ್ಲೇ. "50 ಕಿ.ಮೀ.ವರೆಗೆ ಉಚಿತ" ಎಂದು ಬರೆದಿರುತ್ತದೆ. ಆ 50ನ್ನು ಗಾಡಿ ನಿಂತ ಜಾಗದಿಂದ ವರ್ಕ್‌ಶಾಪಿನವರೆಗೆ ಮಾತ್ರ ಎಣಿಸುತ್ತಾರೋ, ಟೋಯಿಂಗ್ ವಾಹನ ತನ್ನ ಜಾಗದಿಂದ ಹೊರಟು ವಾಪಸ್ ಅಲ್ಲಿಗೆ ಸೇರುವವರೆಗೆ ಎಣಿಸುತ್ತಾರೋ?

ಗುಂಡ್ಯದ ಬಳಿ ನಿಂತಿರಿ ಎಂದುಕೊಳ್ಳಿ. ಅಲ್ಲಿಂದ ಹಾಸನ 80 ಕಿ.ಮೀ. ಆಸುಪಾಸು, ಮಂಗಳೂರೂ ಹೆಚ್ಚುಕಡಿಮೆ ಅಷ್ಟೇ. ಟೋಯಿಂಗ್ ವಾಹನ ಹಾಸನದಿಂದ ಬಂತು, ಮಿತಿ ಮೀರಿದ ಪ್ರತಿ ಕಿ.ಮೀ.ಗೆ 40 ರೂಪಾಯಿ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಮೊದಲ ಪದ್ಧತಿಯಲ್ಲಿ ನಿಮ್ಮ ಪಾಲಿಗೆ ಬರುವುದು 30 ಕಿ.ಮೀ., 1,200 ರೂಪಾಯಿ. ಎರಡನೆಯದರಲ್ಲಿ ಹೋಗಿಬರುವ 160ರಲ್ಲಿ 50 ಕಳೆದು 110 ಕಿ.ಮೀ., 4,400 ರೂಪಾಯಿ. ಜಾಹೀರಾತಿನಲ್ಲಿ ಎರಡೂ ಯೋಜನೆಗಳ ಮೇಲೆ ಬರೆದಿರುವುದು ಅದೇ 50! ಘಾಟಿ ದಾರಿ ಹಿಡಿಯುವವರಿಗೆ 50 ಕಿ.ಮೀ. ಯೋಜನೆ ಸಾಲದು ಎಂಬುದು ನನ್ನ ಖಚಿತ ಅಭಿಪ್ರಾಯ. ಒಮ್ಮುಖ 100 ಕಿ.ಮೀ. ಕನಿಷ್ಠ ಇರಲಿ. ಮಿತಿ ಮೀರಿದ ದೂರದ ದರವನ್ನು ಕೊಳ್ಳುವಾಗಲೇ ಬರಹದಲ್ಲಿ ಕೊಡಲು ಹೇಳಿ. ರಾತ್ರಿ ಎರಡು ಗಂಟೆಗೆ ಮಳೆಯಲ್ಲಿ ನಿಂತು ಚೌಕಾಸಿ ಮಾಡಲು ಯಾರಿಂದಲೂ ಆಗುವುದಿಲ್ಲ.

4. ಯಾವ ಗ್ಯಾರೇಜಿಗೆ? "ಹತ್ತಿರದ ಅಧಿಕೃತ ಸರ್ವಿಸ್ ಸೆಂಟರ್" ಎಂಬ ಮಾತು ಕಾರಿನವರಿಗೆ ಹಗುರ, ಟಿಟಿಯವರಿಗೆ ಭಾರ. ನಿಮ್ಮ ಗಾಡಿಯ ಸರ್ವಿಸ್ ಸೆಂಟರ್ ತಾಲ್ಲೂಕು ಊರುಗಳಲ್ಲಿ ಇರದೇ ಇರಬಹುದು. ಸಕಲೇಶಪುರದಲ್ಲಿ ಟಿಟಿ ಕ್ಲಚ್ ಗೊತ್ತಿರುವ ಮೇಸ್ತ್ರಿ ಸಿಕ್ಕರೆ ಅವನಲ್ಲಿಗೆ ಒಯ್ಯಲು ಒಪ್ಪುತ್ತಾರೆಯೇ ಕೇಳಿ. ಭಾನುವಾರ ಸರ್ವಿಸ್ ಸೆಂಟರ್ ಮುಚ್ಚಿದ್ದರೆ ಗಾಡಿಯನ್ನು ರಾತ್ರಿಯಿಡೀ ಎಲ್ಲಿ ನಿಲ್ಲಿಸುತ್ತಾರೆ, ಅದಕ್ಕೆ ಬಾಡಿಗೆ ಯಾರದು ಎಂಬುದನ್ನೂ ಕೇಳಿ.

5. ರಸ್ತೆ ಯಾವುದು, ಹೊತ್ತು ಯಾವುದು? ನಿಯಮಗಳಲ್ಲಿ ಸಾರ್ವಜನಿಕ ವಾಹನ ಸಂಚಾರದ ರಸ್ತೆ ಎಂದಿರುತ್ತದೆ. ಕಾಫಿ ತೋಟದೊಳಗಿನ ಹೋಂಸ್ಟೇಯ ಮಣ್ಣುದಾರಿಯಲ್ಲಿ ಚಕ್ರ ಹೂತರೆ ಅದು ಲೆಕ್ಕಕ್ಕೆ ಬರುವುದು ಅನುಮಾನ. ಬಂದರೂ ಹೊಂಡದಿಂದ ಎತ್ತುವುದಕ್ಕೆ ಬೇರೆ ಶುಲ್ಕ. ಭೂಕುಸಿತ, ಪ್ರವಾಹ, ಬಂದ್ ಇದ್ದಾಗ ಸೇವೆ ಇಲ್ಲ ಎಂಬ ಷರತ್ತು ಸಾಮಾನ್ಯ. ಮಳೆಗಾಲದಲ್ಲಿ ದೋಣಿಗಲ್ ಬಳಿ ಮಣ್ಣು ಕುಸಿದು ಶಿರಾಡಿ ಮುಚ್ಚುವುದು ಹೊಸದೇನಲ್ಲ. ಚಾರ್ಮಾಡಿ, ಆಗುಂಬೆಗಳಲ್ಲಿ ಭಾರಿ ವಾಹನಗಳಿಗೆ ನಿರ್ಬಂಧ ಇರುವುದರಿಂದ ದೊಡ್ಡ ಕ್ರೇನ್ ಬರುವುದೂ ಸುಲಭವಲ್ಲ. ಬಂಡೀಪುರದ ಕಾಡಿನಲ್ಲಿ ಹಾದುಹೋಗುವ ಊಟಿ, ವಯನಾಡು ರಸ್ತೆಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ಎಂಟೂವರೆಗೆ ಗೇಟು ದಾಟಿ ಒಳಗೆ ಕೆಟ್ಟು ನಿಂತವರನ್ನು ತಲುಪಲು ಖಾಸಗಿ ಟೋಯಿಂಗ್ ವಾಹನಕ್ಕೆ ದಾರಿಯೇ ಇರುವುದಿಲ್ಲ. ಆ ದಾರಿಯಲ್ಲಿ ಸಂಜೆಯೊಳಗೆ ಕಾಡು ದಾಟುವುದೇ ಸರಿಯಾದ ಯೋಜನೆ.

6. ಜನರ ಗತಿ ಏನು? ಗಾಡಿ ಹಾಸನಕ್ಕೆ ಹೋಯಿತು, ಹನ್ನೆರಡು ಮಂದಿ? ಮುಂದಿನ ಪ್ರಯಾಣಕ್ಕೆ ಟ್ಯಾಕ್ಸಿ, ರಾತ್ರಿ ತಂಗಲು ಕೋಣೆ ಎಂಬ ಸೌಲಭ್ಯ ಹಲವು ಯೋಜನೆಗಳಲ್ಲಿದೆ. ಆದರೆ ಎಷ್ಟು ಜನರಿಗೆ, ಎಷ್ಟು ರೂಪಾಯಿವರೆಗೆ, ಮನೆಯಿಂದ ಎಷ್ಟು ದೂರದಲ್ಲಿದ್ದರೆ ಎಂಬ ಮೂರು ಷರತ್ತು ಅದರ ಬೆನ್ನಿಗಿರುತ್ತವೆ. ವಯಸ್ಸಾದವರು, ಮಕ್ಕಳು ಜೊತೆಗಿದ್ದರೆ ನನಗೆ ಟೋಯಿಂಗ್‌ನಷ್ಟೇ ಮುಖ್ಯವಾಗಿ ಕಾಣುವುದು ಇದು.

7. ಎಷ್ಟು ಸಲ, ಯಾವಾಗಿನಿಂದ? ವರ್ಷಕ್ಕೆ ಇಷ್ಟೇ ಸಲ ಎಂಬ ಮಿತಿ, ಗಾಡಿಯ ವಯಸ್ಸಿನ ಮಿತಿ, ಕೊಂಡ ಮೇಲೆ ಕೆಲವು ದಿನ ಕಾಯುವ ಅವಧಿ ಇವನ್ನು ಒಂದೇ ಉಸಿರಿಗೆ ಕೇಳಿ ಮುಗಿಸಿ.

ಇನ್ನೊಂದು ಮಾತು ನಾಗರಬಾವಿಯವರಿಗೇ ಮೀಸಲು. ನಮ್ಮ ವ್ಯಾನುಗಳು ತಿಂಗಳಿಗೊಮ್ಮೆ ಓಡಿ ಉಳಿದ ದಿನವೆಲ್ಲ ಮನೆ ಮುಂದೆ ನಿಲ್ಲುತ್ತವೆ. ಬ್ಯಾಟರಿ ಇಳಿಯುವುದು ಅಲ್ಲೇ. ಮನೆ ಬಾಗಿಲಲ್ಲಿ ಕೆಟ್ಟರೆ ಸೇವೆ ಇಲ್ಲ ಎನ್ನುವ ಯೋಜನೆಗಳಿವೆ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ನಿಲ್ಲಿಸುವವರು ನೆನಪಿಡಿ, ಅಲ್ಲಿಗೆ ಫ್ಲ್ಯಾಟ್‌ಬೆಡ್ ಇಳಿಯುವುದಿಲ್ಲ.

ಒಂದು ಫೋನ್ ಕರೆ

ಕೊಳ್ಳುವ ಮುನ್ನ ಮಾರಾಟದವರ ನಂಬರಿಗಲ್ಲ, ಸಹಾಯವಾಣಿಗೇ ಒಂದು ಕರೆ ಮಾಡಿ. ರಾತ್ರಿ ಹತ್ತರ ಮೇಲೆ ಮಾಡಿದರೆ ಇನ್ನೂ ಒಳ್ಳೆಯದು. ಗಾಡಿಯ ಮಾಡೆಲ್ ಹೇಳಿ, "ಗುಂಡ್ಯದಿಂದ ಮೇಲೆ, ಮಾರನಹಳ್ಳಿಗೆ ಮುಂಚೆ ನಿಂತರೆ ನಿಮ್ಮ ಗಾಡಿ ಯಾವ ಊರಿಂದ ಬರುತ್ತದೆ?" ಎಂದು ಕೇಳಿ. ಊರಿನ ಹೆಸರು ಹೇಳಿದರೆ ಅಲ್ಲಿ ಅವರಿಗೆ ಜನ ಇದ್ದಾರೆ. ದೇಶಾದ್ಯಂತ ಸೇವೆ ಇದೆ ಎಂಬ ಉತ್ತರವಷ್ಟೇ ಬಂದರೆ ಆ ದಾರಿಯಲ್ಲಿ ಇಲ್ಲವೆಂದೇ ತಿಳಿಯಿರಿ. ಕರೆ ಎತ್ತಲು ಎಷ್ಟು ಹೊತ್ತಾಯಿತು, ಕನ್ನಡದಲ್ಲಿ ಮಾತಾಡುವವರು ಸಿಕ್ಕರೇ ಎಂಬುದನ್ನೂ ಗಮನಿಸಿ. "ಕೆಂಪುಹೊಳೆ ದಾಟಿ ಎರಡನೇ ತಿರುವು" ಎಂದರೆ ಅರ್ಥವಾಗದವರಿಗೆ ಜಾಗ ವಿವರಿಸುವುದು ದೊಡ್ಡ ಪಾಡು.

ಸಾಮಾನ್ಯ ತಪ್ಪುಗಳು

ಸ್ಟೆಪ್ನಿ ನೋಡದೇ ಹೊರಡುವುದು ಎಲ್ಲಕ್ಕಿಂತ ದೊಡ್ಡದು. ಪಂಕ್ಚರ್ ಸೇವೆ ಎಂದರೆ ಬಹುಪಾಲು ಯೋಜನೆಗಳಲ್ಲಿ ನಿಮ್ಮದೇ ಸ್ಟೆಪ್ನಿ ಹಾಕಿಕೊಡುವುದು. ಅದರಲ್ಲಿ ಗಾಳಿಯೇ ಇಲ್ಲದಿದ್ದರೆ ಬಂದವನೂ ಅಸಹಾಯಕ. ಅದೇ ರೀತಿ, ಸೇವೆ ಉಚಿತ ಎಂದರೆ ಬಿಡಿಭಾಗ, ಇಂಧನ ಎಲ್ಲ ಉಚಿತ ಎಂದು ತಿಳಿಯುವುದು. ಕೂಲಿ ಅವರದು, ಸಾಮಾನು ನಿಮ್ಮದು.

ಬಿಎಸ್-6 ಡೀಸೆಲ್ ಗಾಡಿಗಳಲ್ಲಿ ಹಲವಕ್ಕೆ ಡಿಇಎಫ್ ಎಂಬ ಯೂರಿಯಾ ದ್ರಾವಣ ಬೇಕು. ಅದು ಪೂರ್ತಿ ಮುಗಿದರೆ, ಒಮ್ಮೆ ಆಫ್ ಮಾಡಿದ ಎಂಜಿನ್ ಮತ್ತೆ ಸ್ಟಾರ್ಟ್ ಆಗದಂತೆ ವ್ಯವಸ್ಥೆ ಇರುತ್ತದೆ. ಇದನ್ನು ಗಾಡಿ ಕೆಟ್ಟಿತೆಂದು ಭಾವಿಸಿ ಟೋ ಮಾಡಿಸಿದವರಿದ್ದಾರೆ. ಹೊರಡುವ ಮುನ್ನ ತುಂಬಿಸಿಕೊಂಡರೆ ಮುಗಿಯಿತು.

ಮತ್ತೊಂದು, ನಂಬರನ್ನು ಇಂಟರ್‌ನೆಟ್ಟಿನಲ್ಲಿ ಹುಡುಕುವುದು. ಹುಡುಕಿದಾಗ ಮೊದಲು ಬರುವ ಕಸ್ಟಮರ್ ಕೇರ್ ನಂಬರುಗಳಲ್ಲಿ ವಂಚಕರದ್ದೂ ಇರುತ್ತವೆ. ಐದು ರೂಪಾಯಿ ಕಟ್ಟಿ ಎಂದು ಲಿಂಕ್ ಕಳಿಸಿ ಖಾತೆ ಖಾಲಿ ಮಾಡುತ್ತಾರೆ. ಪಾಲಿಸಿ ಕಾಗದದಲ್ಲಿರುವ ನಂಬರನ್ನೇ ಬರೆದು ಗಾಡಿಯ ಗ್ಲಾಸಿಗೆ ಒಳಗಿನಿಂದ ಅಂಟಿಸಿ. ನೆಟ್‌ವರ್ಕ್ ಇಲ್ಲದ ಕಡೆ ಆ್ಯಪ್ ತೆರೆಯುವುದಿಲ್ಲ.

ಎಚ್ಚರಿಕೆ: ಗಾಡಿ ನಿಂತ ಕೂಡಲೇ

ಮೊದಲು ಜನರನ್ನು ಇಳಿಸಿ. ಎಕ್ಸ್‌ಪ್ರೆಸ್‌ವೇಯಲ್ಲಾದರೆ ಎಲ್ಲರೂ ಕಂಬಿಬೇಲಿಯ ಆಚೆ ನಿಲ್ಲಬೇಕು. ಸಾಲು ಸಾಲು ಲಾರಿಗಳು ಬರುವ ಕಡೆ ನಿಂತ ಗಾಡಿಯೊಳಗೆ ಮಕ್ಕಳನ್ನು ಕೂರಿಸುವುದು ಪ್ರಾಣಾಪಾಯ. ಹಜಾರ್ಡ್ ಲೈಟ್ ಹಾಕಿ, ಎಚ್ಚರಿಕೆಯ ತ್ರಿಕೋನವನ್ನು ಕನಿಷ್ಠ 50 ಮೀಟರ್ ಹಿಂದೆ ಇಡಿ. ಘಾಟಿಯಲ್ಲಿ ಅಳತೆಗಿಂತ ತಿರುವು ಮುಖ್ಯ: ತ್ರಿಕೋನ ತಿರುವಿಗೆ ಮುಂಚೆಯೇ ಕಾಣಿಸಬೇಕು. ಇಳಿಜಾರಿನಲ್ಲಿ ಚಕ್ರಕ್ಕೆ ಕಲ್ಲು ಕೊಡಿ.

ನಿಮ್ಮ ಸಿಮ್ಮಿಗೆ ಸಿಗ್ನಲ್ ಇಲ್ಲದಿದ್ದರೂ 112ಕ್ಕೆ ಪ್ರಯತ್ನಿಸಿ. ಬೇರೆ ಯಾವುದಾದರೂ ಕಂಪನಿಯ ಸಿಗ್ನಲ್ ಅಲ್ಲಿದ್ದರೆ ತುರ್ತು ಕರೆ ಅದರ ಮೂಲಕ ಹೋಗುತ್ತದೆ. ಗಾಯವಾಗಿದ್ದರೆ 108.

ಘಾಟಿಯಲ್ಲಿ ಹಗ್ಗ ಕಟ್ಟಿ ಎಳೆಸಬೇಡಿ. ಎಂಜಿನ್ ಆಫ್ ಆದ ಗಾಡಿಯ ಬ್ರೇಕಿಗೂ ಸ್ಟೀರಿಂಗಿಗೂ ಯಂತ್ರದ ನೆರವು ಸಿಗುವುದಿಲ್ಲ. ಇಳಿಜಾರಿನಲ್ಲಿ ತುಂಬಿದ ವ್ಯಾನನ್ನು ಕಾಲಿನ ಬಲದಿಂದಲೇ ಹಿಡಿದು ನಿಲ್ಲಿಸುವುದು ಬಹಳ ಕಷ್ಟ. ಅಪಘಾತವಾದ ಮೇಲೆ, ಅಥವಾ ಅಂಡರ್‌ಪಾಸಿನ ನೀರಿನಲ್ಲಿ ನಿಂತ ಮೇಲೆ, ಇನ್ನೊಮ್ಮೆ ಸ್ಟಾರ್ಟ್ ಮಾಡಿ ನೋಡೋಣ ಎಂಬ ಆಸೆಯೂ ಬೇಡ. ರಿಪೇರಿಗೆ ಮುಂಚೆ ಓಡಿಸಿ ಹೆಚ್ಚಾದ ಹಾನಿಗೆ ಮಾಲೀಕನೇ ಹೊಣೆ ಎಂಬ ಷರತ್ತು ಮೋಟಾರು ವಿಮಾ ಪಾಲಿಸಿಯಲ್ಲೇ ಇದೆ. ಗಾಡಿಯನ್ನು ಕಾವಲಿಲ್ಲದೆ ಬಿಟ್ಟು ಹೋಗಬಾರದೆಂಬುದೂ ಅದೇ ಷರತ್ತಿನಲ್ಲಿದೆ.

ಟೋಯಿಂಗ್ ವಾಹನ ಬಂದ ಮೇಲೆ ಏರಿಸುವ ಮುನ್ನ ನಾಲ್ಕೂ ಕಡೆಯ ಫೋಟೋ ತೆಗೆಯಿರಿ. ಓಡೋಮೀಟರ್ ಫೋಟೋ ಕೂಡ. ಕ್ಯಾಂಪರ್ ಆದರೆ ಗ್ಯಾಸ್ ಸಿಲಿಂಡರಿನ ವಾಲ್ವ್ ಮುಚ್ಚಿ. ಫ್ಲ್ಯಾಟ್‌ಬೆಡ್ ಮೇಲಿನ ಗಾಡಿಯೊಳಗೆ ಯಾರೂ ಕೂರಬಾರದು. ಕಂಪನಿಯವರ ಬಳಿ ಜನ ಇಲ್ಲದೆ ನೀವೇ ಹೊರಗಿನವರನ್ನು ಕರೆಸಬೇಕಾಗಿ ಬಂದರೆ, ಮೊದಲು ಸಹಾಯವಾಣಿಯಿಂದ ಒಪ್ಪಿಗೆಯ ಮೆಸೇಜ್ ಪಡೆಯಿರಿ, ಆಮೇಲೆ ಬಿಲ್. ಒಪ್ಪಿಗೆಯಿಲ್ಲದ ಬಿಲ್ಲಿಗೆ ಹಣ ವಾಪಸ್ ಬರುವುದು ಕಷ್ಟ.

ಸೇವೆ ಸಿಗದಿದ್ದರೆ

ಆಡ್-ಆನ್ ಆಗಿ ಕೊಂಡಿದ್ದರೆ ಮೊದಲು ವಿಮಾ ಕಂಪನಿಗೆ ಬರಹದ ದೂರು, ಆಮೇಲೆ ವಿಮಾ ನಿಯಂತ್ರಣ ಪ್ರಾಧಿಕಾರದ 155255 ಸಹಾಯವಾಣಿ, ಅಲ್ಲಿಗೂ ಬಗೆಹರಿಯದಿದ್ದರೆ ಜೆ.ಪಿ. ನಗರದ ಜೀವನ್ ಸೌಧದಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿ. ಆ್ಯಪ್ ಮೂಲಕ ಕೊಂಡ ಸದಸ್ಯತ್ವ ವಿಮೆಯಲ್ಲ, ಅದಕ್ಕೆ ಓಂಬುಡ್ಸ್‌ಮನ್ ಇಲ್ಲ. ಅದಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ನಂತರ ಜಿಲ್ಲಾ ಗ್ರಾಹಕ ಆಯೋಗ. ಎರಡರ ಬೆಲೆ ಒಂದೇ ಆಗಿದ್ದರೆ ನಾನು ವಿಮೆಯ ಆಡ್-ಆನ್ ಕಡೆಗೇ ವಾಲುವುದು ಈ ಕಾರಣಕ್ಕೆ.

ಹಾಗಾದರೆ ಯಾವುದು?

ವಾರಂಟಿಯೊಳಗಿನ ಈಕೋ, ಇನ್ನೋವಾ ಇದ್ದವರು ತಯಾರಕರ ಯೋಜನೆಯನ್ನೇ ಮುಂದುವರಿಸಿ. ಸರ್ವಿಸ್ ಸೆಂಟರ್ ಹಾಸನದಲ್ಲೂ ಮಂಗಳೂರಿನಲ್ಲೂ ಇರುವುದರಿಂದ ಅವರಿಗೆ ಅದು ಸಾಕು. ವಾರಂಟಿ ಮುಗಿದ ಖಾಸಗಿ ಗಾಡಿಗೆ ಒಮ್ಮುಖ 100 ಕಿ.ಮೀ. ಕೊಡುವ ವಿಮೆಯ ಆಡ್-ಆನ್. ಟಿಟಿ ಮತ್ತು ಕ್ಯಾಂಪರ್ ಮಾಲೀಕರು ಮಾತ್ರ ಗಾಡಿಯ ಮಾಡೆಲ್ ಹೆಸರು, ಒಟ್ಟು ಭಾರ, ಫ್ಲ್ಯಾಟ್‌ಬೆಡ್ ಈ ಮೂರೂ ಬರಹದಲ್ಲಿ ಬರುವವರೆಗೆ ಯಾರಿಗೂ ಹಣ ಕಟ್ಟಬೇಡಿ. ಬರೆದುಕೊಡುವವರು ಸಿಗದಿದ್ದರೆ ಆ ಹಣವನ್ನು ಪಕ್ಕಕ್ಕಿಟ್ಟು, ನೀವು ಹೋಗುವ ದಾರಿಯಲ್ಲಿ ಸಕಲೇಶಪುರದಲ್ಲೋ ಮಡಿಕೇರಿಯಲ್ಲೋ ದೊಡ್ಡ ಗಾಡಿ ಎತ್ತುವ ಟೋಯಿಂಗ್‌ನವರ ನಂಬರನ್ನು ಅಲ್ಲಿನ ಗ್ಯಾರೇಜುಗಳಲ್ಲಿ ಕೇಳಿ ಪಡೆದುಕೊಳ್ಳಿ. ಕಾಯುವ ಅವಧಿ ಇರುವುದರಿಂದ, ಜೂನ್ ಮಳೆ ಹಿಡಿಯುವ ಮುನ್ನವೇ, ಮೇ ತಿಂಗಳಲ್ಲಿ ಈ ಕೆಲಸ ಮುಗಿಸಿ.